ನಾನಪ್ಪನವರು ಫ್ಯಾನು ಇಳಿಸಿದ್ದು

ನಾನಪ್ಪನವರ ನಿಜವಾದ ಹೆಸರು ಬೇರೆ ಇದೆ. ಅದನ್ನು ಈಗ ಅವರ ಕಚೇರಿ ಬಿಟ್ಟರೆ ಇನ್ಯಾರೂ ಬಳಸುವುದಿಲ್ಲ. ನಲ್ಲಿ ತೊಟ್ಟಿಕ್ಕಿದರೆ "ನಾನೇ ಮಾಡ್ತೀನಿ", ಇಸ್ತ್ರಿಪೆಟ್ಟಿಗೆ ಕೆಟ್ಟರೆ "ನಾನೇ ನೋಡ್ತೀನಿ", ಪಕ್ಕದ ಮನೆಯವರ ಬೀಗ ಕಚ್ಚಿಕೊಂಡರೆ "ನಾನಿದೀನಲ್ಲ" ಎಂದು ಅವರು ಎದ್ದು ನಿಲ್ಲುವುದನ್ನು ನೋಡಿ ನೋಡಿ ಬೀದಿಯವರು ಇಟ್ಟ ಹೆಸರು ಇದು. ಅವರ ಕೈಗುಣವನ್ನೂ ಹೇಳಿಬಿಡುತ್ತೇನೆ. ಆ ನಲ್ಲಿ ಈಗ ತೊಟ್ಟಿಕ್ಕುವುದಿಲ್ಲ, ಸುರಿಯುತ್ತದೆ. ಇಸ್ತ್ರಿಪೆಟ್ಟಿಗೆ ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಡಲು ಚೆನ್ನಾಗಿ ಬರುತ್ತದೆ. ಪಕ್ಕದ ಮನೆಯವರು ಹಿಂಬಾಗಿಲಿನಿಂದ ಓಡಾಡುತ್ತಾರೆ.

ಅವರಿದ್ದದ್ದು ತೂಕ ಮತ್ತು ಅಳತೆ ಇಲಾಖೆಯಲ್ಲಿ. ಅಂಗಡಿಗಳಿಗೆ ಹೋಗಿ ತಕ್ಕಡಿ, ತೂಕದ ಬಟ್ಟು ಸರಿಯಾಗಿವೆಯೇ ಎಂದು ನೋಡಿ ಮುದ್ರೆ ಒತ್ತಿ ಬರುವ ಕೆಲಸ. ಇದರಿಂದಾಗಿ, ಯಾವ ವಸ್ತುವನ್ನು ಕಂಡರೂ ಅದರ ತೂಕವನ್ನು ಕಣ್ಣಂದಾಜಿನಲ್ಲೇ ಹೇಳಬಲ್ಲೆ ಎಂಬ ನಂಬಿಕೆ ಅವರಲ್ಲಿ ಬಲವಾಗಿ ಬೇರೂರಿತ್ತು. ಅವರು ಹೇಳಿದ ತೂಕವನ್ನು ಯಾರೂ ತೂಗಿ ನೋಡುವ ಗೋಜಿಗೆ ಹೋಗದ ಕಾರಣ ಆ ನಂಬಿಕೆಗೆ ಅಲ್ಲಿಯವರೆಗೆ ಯಾವ ಕುಂದೂ ಬಂದಿರಲಿಲ್ಲ.

ಅವರ ಬಾಡಿಗೆ ಮನೆಯ ನಡುಮನೆಯಲ್ಲಿ ಒಂದು ಹಳೆಯ ಸೀಲಿಂಗ್ ಫ್ಯಾನು ಇತ್ತು. ಇವರು ಆ ಮನೆಗೆ ಬರುವಾಗಲೇ ಅದು ಹಳತಾಗಿತ್ತು. ರೆಗ್ಯುಲೇಟರನ್ನು ಯಾವ ಕಡೆಗೆ ತಿರುಗಿಸಿದರೂ ಅದು ತನಗೆ ತೋಚಿದ ವೇಗದಲ್ಲಿ ತಿರುಗುತ್ತಿತ್ತು. ತಿರುಗುವಾಗ ಯಾರೋ ಮುದುಕರು ಗಂಟಲು ಸರಿಮಾಡಿಕೊಂಡು ಇನ್ನೇನು ಮಾತಾಡುತ್ತಾರೆ ಎನ್ನುವಂಥ ಸದ್ದು. ಮಾತು ಮಾತ್ರ ಬರುತ್ತಿರಲಿಲ್ಲ. ಜೊತೆಗೆ ಓಲಾಟ ಬೇರೆ. ಮನೆಗೆ ಬಂದವರು ಕ್ಷೇಮಸಮಾಚಾರ ಕೇಳುತ್ತಲೇ ಒಮ್ಮೆ ಮೇಲೆ ನೋಡಿ, ಕುರ್ಚಿಯನ್ನು ಮೆಲ್ಲಗೆ ಗೋಡೆಯ ಕಡೆ ಸರಿಸಿಕೊಳ್ಳುತ್ತಿದ್ದರು. ನಡುಮನೆಯ ನಟ್ಟನಡುವೆ ಯಾರೂ ಕೂರದೆ ಅಲ್ಲಿನ ನೆಲವೊಂದೇ ಹೊಸದರ ಹಾಗೆ ಹೊಳೆಯುತ್ತಿತ್ತು.

ಕೊನೆಗೆ ಹೊಸ ಫ್ಯಾನು ಬಂತು. ರಟ್ಟಿನ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿಟ್ಟು ಹೆಂಡತಿ ಚಪ್ಪಲಿ ಮೆಟ್ಟಿದರು.

"ನಾನು ಹೋಗಿ ಎಲೆಕ್ಟ್ರಿಷಿಯನ್‌ನ ಕರ್ಕೊಂಡು ಬರ್ತೀನಿ. ಅಲ್ಲೀವರೆಗೂ ನೀವು ಅದನ್ನ ಮುಟ್ಟೋ ಹಾಗಿಲ್ಲ."

"ಒಂದು ಫ್ಯಾನ್ ಇಳಿಸೋಕೆ ಎಲೆಕ್ಟ್ರಿಷಿಯನ್ ಯಾಕೆ? ನಾನೇ ಮಾಡ್ತೀನಿ. ಅಬ್ಬಬ್ಬಾ ಅಂದ್ರೆ ಒಂದು ಕುಂಬಳಕಾಯಿ ತೂಕ ಇರುತ್ತೆ."

"ಕುಂಬಳಕಾಯಿ ತಲೆ ಮೇಲೆ ಬಿದ್ರೆ ಒಡೆಯೋದು ಕುಂಬಳಕಾಯಿ. ಇದು ಬಿದ್ರೆ ಒಡೆಯೋದು ಬೇರೆ."

"ನಾನು ತೂಕದ ಇಲಾಖೇಲಿರೋನು ಕಣೇ!"

"ಅದಕ್ಕೇ ಹೇಳ್ತಿರೋದು," ಎಂದು ಆಕೆ ಹೊರಟೇಹೋದರು.

ಸ್ವಾಭಿಮಾನವುಳ್ಳ ಯಾವ ಗಂಡಸು ತಾನೇ ಇಂಥ ಮಾತು ಕೇಳಿ ಸುಮ್ಮನೆ ಕೂರುತ್ತಾನೆ? ಹೆಂಡತಿ ಎಲೆಕ್ಟ್ರಿಷಿಯನ್‌ನ ಜೊತೆ ಒಳಗೆ ಬರುವ ಹೊತ್ತಿಗೆ ಹಳೆಯ ಫ್ಯಾನು ನೆಲದ ಮೇಲಿರಬೇಕು, ತಾವು ಅದರ ಪಕ್ಕ ಕಾಲ ಮೇಲೆ ಕಾಲು ಹಾಕಿ ಪೇಪರು ಓದುತ್ತಿರಬೇಕು, "ಬಂದ್ರಾ? ಕೂತ್ಕೊಳ್ಳಿ" ಎನ್ನಬೇಕು. ಇಷ್ಟನ್ನೂ ಮನಸ್ಸಿನಲ್ಲೇ ನೋಡಿ ಸಂತೋಷಪಟ್ಟು ನಾನಪ್ಪನವರು ಮೇನ್ ಸ್ವಿಚ್ಚು ಆರಿಸಿದರು. ಒಳಗೆ ಕತ್ತಲಾದ್ದರಿಂದ ಬೆಳಕಿಗೆಂದು ಮುಂಬಾಗಿಲು, ಕಿಟಕಿ ಎಲ್ಲವನ್ನೂ ಹಾರುಹೊಡೆದರು. ಊಟದ ಮೇಜನ್ನು ನಡುವಿಗೆ ಎಳೆದು, ಅದರ ಮೇಲೆ ಸ್ಟೂಲು ಇಟ್ಟು, ಸ್ಪ್ಯಾನರು ಜೇಬಿಗಿಳಿಸಿ ಹತ್ತಿದರು.

ರೆಕ್ಕೆಗಳು ಒಂದೊಂದಾಗಿ ಸುಲಭವಾಗಿ ಕಳಚಿಕೊಂಡವು. ಹಗುರವಾದ ಆ ರೆಕ್ಕೆಗಳೇ ಅವರಿಗೆ ಮುಳುವಾದದ್ದು. "ನೋಡು, ಇಷ್ಟೇ," ಎಂದು ಖಾಲಿ ಮನೆಗೆ ಹೇಳಿ ವೈರು ಬಿಚ್ಚಿ ಟೇಪು ಸುತ್ತಿದರು. ಉಳಿದದ್ದು ಮೋಟರು, ಅದರ ಮೇಲಿನ ರಾಡು, ರಾಡನ್ನು ಛಾವಣಿಯ ಕೊಕ್ಕೆಗೆ ಹಿಡಿದಿಟ್ಟಿದ್ದ ಒಂದೇ ಒಂದು ಬೋಲ್ಟು. ತುಕ್ಕು ಹಿಡಿದ ಬೋಲ್ಟು ಮೊದಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆಮೇಲೆ ಒಮ್ಮೆಲೇ ಮನಸ್ಸು ಬದಲಾಯಿಸಿ ಕೈಗೆ ಬಂತು, ಕೈಯಿಂದ ಜಾರಿತು, ಮೇಜಿಗೆ ಬಡಿದು ನೆಲಕ್ಕೆ ಹಾರಿ ಉರುಳಿಕೊಂಡು ಬೀರುವಿನ ಅಡಿಗೆ ಹೋಯಿತು.

ಆ ಕ್ಷಣದಲ್ಲಿ ನಾನಪ್ಪನವರ ವೃತ್ತಿಜೀವನದ ಅತಿ ದೊಡ್ಡ ತಪ್ಪು ತೂಕ ಅವರ ಎರಡೂ ಕೈಗಳ ಮೇಲೆ ಬಂದು ಕೂತಿತು. ಅದು ಕುಂಬಳಕಾಯಿಯಾಗಿರಲಿಲ್ಲ. ಕುಂಬಳಕಾಯಿ ಬೆಳೆದ ತೋಟವೇ ಆಗಿತ್ತು.

ಮತ್ತೆ ಸಿಕ್ಕಿಸೋಣವೆಂದರೆ ಬೋಲ್ಟಿಲ್ಲ. ಬಿಟ್ಟುಬಿಡೋಣವೆಂದರೆ ಕೆಳಗೆ ತಮ್ಮದೇ ಕಾಲು. ಇಳಿಯೋಣವೆಂದರೆ ಸ್ಟೂಲಿನ ಅಂಚು ಎಲ್ಲಿದೆಯೆಂದು ಬಗ್ಗಿ ನೋಡುವ ಹಾಗಿಲ್ಲ. ನಾನಪ್ಪನವರು ಛಾವಣಿ ಹೊತ್ತ ಕಂಬದ ಹಾಗೆ ನಿಂತರು. ಕಂಬಕ್ಕೂ ಅವರಿಗೂ ಇದ್ದ ವ್ಯತ್ಯಾಸವೆಂದರೆ ಕಂಬದ ಮೊಣಕಾಲು ನಡುಗುವುದಿಲ್ಲ.

ಅಷ್ಟರಲ್ಲಿ ತೆರೆದ ಬಾಗಿಲಲ್ಲಿ ಎದುರುಮನೆಯಾಕೆ ಕಾಣಿಸಿಕೊಂಡರು. ಬೀದಿಯ ಯಾವ ಮನೆಯಲ್ಲಿ ಏನು ನಡೆದರೂ ಆ ಮನೆಯವರಿಗಿಂತ ಮೊದಲು ಈಕೆಗೆ ತಿಳಿಯುತ್ತಿತ್ತು.

"ಏನಣ್ಣಾ, ಮೇಲೆ ಹತ್ತಿದೀರಾ? ಏನಾದ್ರೂ ಹಿಡ್ಕೋಬೇಕಾ?"

ನೋಡಿ, ಅದೃಷ್ಟ ಬಾಗಿಲಿಗೆ ಬಂದು ತಾನಾಗಿಯೇ ಕೇಳಿತು. "ಹೌದಮ್ಮ, ಬೇಗ ಬನ್ನಿ" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಯಾವ ರಿಪೇರಿಗೂ ತಮಗೆ ಇನ್ನೊಬ್ಬರ ಕೈ ಬೇಕಿಲ್ಲವೆಂದು ಹಿಂದಿನ ದಿನವಷ್ಟೇ ನಾನಪ್ಪನವರು ಈಕೆಯ ಗೇಟಿಗೇ ಹೋಗಿ ಹೇಳಿ ಬಂದಿದ್ದರು.

"ಏನೂ ಬೇಡಮ್ಮ... ಸುಮ್ನೆ... ತೂಕ ನೋಡ್ತಿದ್ದೆ," ಎಂದರು. ಫ್ಯಾನು ಇಳಿಯುವವರೆಗೆ ಅವರು ಆಡಿದ ಕೊನೆಯ ಪೂರ್ತಿ ಮಾತು ಅದೇ. ಮೊಣಕೈ ಮಡಿಸಿಕೊಂಡಿತು, ಮೋಟರು ಬಂದು ನೆತ್ತಿಯ ಮೇಲೆ ಕೂತಿತು, ಗದ್ದ ಎದೆಗೆ ಅಂಟಿತು. ಒಳಗಿದ್ದ ಉಸಿರೆಲ್ಲ ಒಂದು ಸದ್ದಾಗಿ ಹೊರಗೆ ಬಂತು:

"ಹೂಂ..."

ಇಲ್ಲಿ ನಮ್ಮ ಭಾಷೆಯ ಒಂದು ತೊಡಕನ್ನು ಹೇಳಲೇಬೇಕು. ನಮ್ಮಲ್ಲಿ ಒಪ್ಪಿಗೆಗೆ 'ಹೂಂ', ಒಲ್ಲೆನೆನ್ನಲು 'ಉಹೂಂ'. ನಡುವೆ ಇರುವುದು ಒಂದು 'ಉ' ಮಾತ್ರ. ಆರಾಮಕುರ್ಚಿಯಲ್ಲಿ ಕೂತವನಿಗೆ ಅದೇನೂ ಭಾರವಲ್ಲ. ತಲೆಯ ಮೇಲೆ ಮೋಟರು ಹೊತ್ತವನಿಗೆ ಮಾತ್ರ ಆ ಒಂದು ಅಕ್ಷರಕ್ಕೆ ಬೇಕಾದ ಉಸಿರು ಎಲ್ಲಿಂದಲೂ ಹುಟ್ಟುವುದಿಲ್ಲ. ಹೋಗಲಿ, ತಲೆಯಾಡಿಸಿ ತಿಳಿಸೋಣವೆಂದರೆ ತಲೆ ಬಿಡುವಾಗಿಲ್ಲ.

"ಫ್ಯಾನ್ ಬಿಚ್ತಿದೀರಾ, ಪೆಟ್ಟಿಗೆ ಬೇರೆ ಕಟ್ಟಿಟ್ಟಿದೀರಾ ಅಂದ್ರೆ... ಅಯ್ಯೋ ದೇವ್ರೇ, ಮನೆ ಖಾಲಿ ಮಾಡ್ತಿದೀರಾ?"

"ಹೂಂ..."

"ಬೇರೆ ಮನೆ ಸಿಕ್ಬಿಡ್ತಾ?"

"ಹೂಂ."

"ದೂರಾನಾ?"

"ಹೂಂ..."

"ನೋಡಿ, ಅಕ್ಕ ಬೆಳಿಗ್ಗೆ ತಾನೇ ಮಾತಾಡ್ಸಿದ್ರು, ಒಂದು ಸುಳಿವೂ ಕೊಡ್ಲಿಲ್ಲ!" ಎಂದು ನೊಂದುಕೊಂಡ ಎದುರುಮನೆಯಾಕೆ ಅಲ್ಲಿಂದಲೇ ಮಹಡಿ ಮೆಟ್ಟಿಲು ಹತ್ತಿದರು. ದುಃಖವನ್ನು ಒಬ್ಬರೇ ಇಟ್ಟುಕೊಳ್ಳುವ ಸ್ವಭಾವ ಅವರದಲ್ಲ.

ಮಹಡಿಯಲ್ಲಿದ್ದವರು ಮನೆಯ ಓನರು. ಉದ್ದ ಆಳು, ಗಿಡ್ಡ ತಾಳ್ಮೆ. ಕೆಳಗಿನ ಮನೆ ಖಾಲಿಯಾದರೆ ತಮ್ಮನನ್ನು ಕರೆಸಿಕೊಳ್ಳಬೇಕೆಂಬ ಆಸೆ ಅವರಿಗೆ ಬಹಳ ದಿನದಿಂದ ಇತ್ತು. ಅವರು ಮೆಟ್ಟಿಲಿಳಿದ ವೇಗ ನೋಡಿದರೆ ಸಿಟ್ಟೋ ಸಂತೋಷವೋ ಹೇಳುವುದು ಕಷ್ಟ.

"ಏನ್ರೀ ಇದು? ಹೇಳದೆ ಕೇಳದೆ ಮನೆ ಬಿಡೋದಾ? ಮುಂಚೆ ತಿಳಿಸ್ಬೇಕು ಅನ್ನೋ ಸೌಜನ್ಯ ಬೇಡ್ವಾ?"

"ಹೂಂ..."

"ಬೇಡ ಅಂತೀರಾ! ಸರಿ ಹಾಗಾದ್ರೆ. ಇವತ್ತೇ ಖಾಲಿನಾ?"

"ಹೂಂ."

ಓನರು ತಕ್ಷಣ ಫೋನು ತೆಗೆದು, "ತಮ್ಮಾ, ಸಾಮಾನು ಕಟ್ಟೋಕೆ ಶುರು ಮಾಡು. ಮನೆ ಸಿಕ್ತು," ಎಂದರು. ಫೋನು ಜೇಬಿಗೆ ಹಾಕುವಾಗ ಅವರ ಕಣ್ಣು ನಾನಪ್ಪನವರ ತಲೆಯ ಮೇಲೆ ಬಿತ್ತು.

"ಒಂದು ನಿಮಿಷ. ಈ ಫ್ಯಾನ್ ನೀವು ಬರೋಕೆ ಮುಂಚೆನೇ ಇಲ್ಲಿತ್ತಲ್ವಾ?"

"ಹೂಂ."

"ಅಂದ್ಮೇಲೆ ಇದು ನಂದು!"

"ಹೂಂ."

"ನಂದು ಅಂತ ಗೊತ್ತಿದ್ದೂ ಬಿಚ್ಕೊಂಡು ಹೋಗ್ತಿದೀರಾ?"

"ಹೂಂ..."

ಜಗಳಕ್ಕೆ ಸಿದ್ಧರಾಗಿ ಬಂದವರಿಗೆ ಎದುರಾಳಿ ಹೀಗೆ ಎಲ್ಲವನ್ನೂ ಒಪ್ಪುತ್ತ ಹೋದರೆ ಆಗುವ ನಿರಾಸೆ ಅನುಭವಿಸಿದವರಿಗೇ ಗೊತ್ತು. ಓನರು ಬಾಗಿಲಿಗೆ ಹೋಗಿ, ಬೀದಿಯ ತಿರುವಿನಲ್ಲಿ ನಿಂತಿದ್ದ ಪೊಲೀಸ್ ಪೇದೆಯನ್ನು ಚಪ್ಪಾಳೆ ತಟ್ಟಿ ಕರೆದರು.

ಪೇದೆ ಬರುವುದರೊಳಗೆ ಭಾವಮೈದುನ ಬಂದ. ಹೆಂಡತಿಯ ತಮ್ಮ; ಪಕ್ಕದ ಬೀದಿಯಲ್ಲಿ ಅವನಿಗೆ ಟೈರು ರಿಪೇರಿ ಅಂಗಡಿ ಇತ್ತು. ಎದುರುಮನೆಯಾಕೆ ಅವನಿಗೆ ಫೋನು ಮಾಡಿ "ನಿಮ್ಮ ಭಾವ ಮನೆ ಬಿಡ್ತಿದಾರೆ" ಎಂದಿದ್ದರು. ಮನೆ ಬಿಡುವುದರಲ್ಲಿ ಎರಡು ಬಗೆ. ಒಂದರಲ್ಲಿ ಸಾಮಾನು, ಹೆಂಡತಿ ಎಲ್ಲ ಜೊತೆಗೆ ಹೋಗುತ್ತಾರೆ. ಇನ್ನೊಂದರಲ್ಲಿ ಗಂಡ ಒಬ್ಬನೇ ಹೋಗುತ್ತಾನೆ. ಟೈರು ಬಿಚ್ಚುವ ಸಲಾಕೆ ಹಿಡಿದುಕೊಂಡೇ ಓಡಿ ಬಂದ ಭಾವಮೈದುನ ಯಾವ ಬಗೆಯದನ್ನು ನಂಬಿದ್ದನೆಂಬುದು ಸಲಾಕೆ ನೋಡಿದರೇ ತಿಳಿಯುತ್ತಿತ್ತು.

"ಭಾವಾ! ನಮ್ಮಕ್ಕ ನಿಮಗೆ ಏನು ಕಮ್ಮಿ ಮಾಡಿದ್ಲು?"

"ಹೂಂ..."

"ಅವಳನ್ನ ಬಿಟ್ಟು ಹೋಗ್ತೀರಾ?"

"ಹೂಂ..."

"ಇಷ್ಟು ವರ್ಷ ಸಂಸಾರ ಮಾಡಿ, ಮುಖ ಎತ್ತಿ ಮಾತಾಡೋಕೂ ಆಗಲ್ವಾ ನಿಮಗೆ?"

"ಹೂಂ!"

ಇದೊಂದು ಮಾತ್ರ ಅಕ್ಷರಶಃ ನಿಜವಾಗಿತ್ತು. ನಾನಪ್ಪನವರಿಗೆ ಕಾಣುತ್ತಿದ್ದದ್ದು ಎಲ್ಲರ ಕಾಲು ಮಾತ್ರ.

"ಹೋಗೋದಾದ್ರೆ ಹೋಗಿ. ಫ್ಯಾನ್ ಯಾಕೆ? ಸಂಸಾರ ಬೇಡ ಅಂತ ಹೋಗೋರು ಉಟ್ಟ ಬಟ್ಟೇಲಿ ಹೋಗ್ತಾರೆ. ಫ್ಯಾನ್ ಹೊತ್ಕೊಂಡು ಹೋಗೋ ವೈರಾಗ್ಯ ನಾನೆಲ್ಲೂ ನೋಡಿಲ್ಲ!"

"ನಾನೂ ಅದನ್ನೇ ಕೇಳ್ತಿರೋದು!" ಎಂದರು ಓನರು.

"ಪಾಪ, ಹೋಗೋ ಕಡೆ ಸೆಕೆ ಇರ್ಬೇಕು," ಎಂದರು ಎದುರುಮನೆಯಾಕೆ. ನಾನಪ್ಪನವರ ಪರವಾಗಿ ಅಲ್ಲಿಯವರೆಗೆ ಯಾರಾದರೂ ಆಡಿದ ಮಾತು ಅದೊಂದೇ.

ಅಷ್ಟರಲ್ಲಿ ಪೇದೆ ಒಳಗೆ ಬಂದ. ಓನರು ಕಳವಿನ ವಿಷಯವನ್ನು ಒಂದೇ ಉಸಿರಿನಲ್ಲಿ ಹೇಳಿದರು. ಪೇದೆ ಟೋಪಿ ಸರಿಮಾಡಿಕೊಂಡು ಗುಡುಗಿದ:

"ಕೈ ಮೇಲೆತ್ತಿ!"

ಎಲ್ಲರೂ ಮೇಲೆ ನೋಡಿದರು. ಕೈ ಆಗಲೇ ಮೇಲಿತ್ತು. ತಾನು ಹೇಳುವುದಕ್ಕೆ ಮೊದಲೇ ಆಜ್ಞೆ ಪಾಲನೆಯಾದದ್ದು ಪೇದೆಯ ಸರ್ವೀಸಿನಲ್ಲೇ ಮೊದಲು. ಅವನು ಸ್ವಲ್ಪ ಗಲಿಬಿಲಿಗೊಂಡ.

"ಸರಿ, ಈಗ ಕೆಳಗಿಳಿಸಿ."

ಕೈ ಇಳಿಯಲಿಲ್ಲ.

"ಪೊಲೀಸ್ನೋರ ಮಾತೂ ಕೇಳಲ್ವಾ?"

"ಹೂಂ..."

"ಈ ಫ್ಯಾನ್ ಕದ್ದಿದ್ದು ನೀವೇನಾ?"

"ಹೂಂ."

ಪೇದೆಯ ಮುಖ ಅರಳಿತು. "ಎಂಥಾ ಮರ್ಯಾದಸ್ಥ ಕಳ್ಳ ನೋಡಿ! ಹೊಡೀದೆ ಬಡೀದೆ ಒಪ್ಕೊಂಡ್ಬಿಟ್ರು." ನಾಲ್ಕು ಹೆಜ್ಜೆ ಹತ್ತಿರ ಬಂದು ಆಪ್ತವಾಗಿ ಕೇಳಿದ, "ಸಾರ್, ಮಾರ್ಕೆಟ್ ಹತ್ರ ಸೈಕಲ್ ಕಳವಾಗಿತ್ತಲ್ಲ, ಅದೂ ನೀವೇನಾ?"

"ಹೂಂ..."

"ಆಸ್ಪತ್ರೆ ನೀರಿನ ಪಂಪು?"

"ಹೂಂ."

"ನಮ್ಮ ಠಾಣೆ ಕುರ್ಚಿಗಳು?"

"ಹೂಂ..."

ಎದುರುಮನೆಯಾಕೆ ಕೆನ್ನೆಗೆ ಕೈ ಹಚ್ಚಿ, "ನೋಡೋಕೆ ಎಷ್ಟು ಸಾಧು ಅನ್ನಿಸ್ತಿದ್ರು!" ಎಂದರು. ಪೇದೆ ಇನ್ನೂ ಹಳೆಯ ಪ್ರಕರಣಗಳನ್ನು ನೆನಪಿಸಿಕೊಳ್ಳುತ್ತಿದ್ದ. ಅವನಿಗೆ ಬಡ್ತಿ ಕಣ್ಣೆದುರೇ ನಿಂತಿತ್ತು.

ಆ ಹೊತ್ತಿಗೆ ಹೆಂಡತಿ ವಾಪಸಾದರು. ಎಲೆಕ್ಟ್ರಿಷಿಯನ್ ಜ್ವರ ಬಂದು ಮಲಗಿದ್ದನಂತೆ, ಒಬ್ಬರೇ ಬಂದಿದ್ದರು. ಬಾಗಿಲಲ್ಲಿ ನಿಂತ ಗುಂಪನ್ನು ಸರಿಸಿಕೊಂಡು ಒಳಗೆ ಬಂದರೆ, ತಮ್ಮನ ಕೈಯಲ್ಲಿ ಸಲಾಕೆ, ಓನರ ಮುಖದಲ್ಲಿ ಬೆಂಕಿ, ಪೇದೆ, ಎದುರುಮನೆಯಾಕೆ, ಎಲ್ಲರ ನಡುವೆ ಮೇಜಿನ ಮೇಲಿನ ಸ್ಟೂಲಿನ ಮೇಲೆ ಗಂಡ. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಆಕೆ ಯಾರ ಮಾತನ್ನೂ ಕೇಳಲಿಲ್ಲ. ಗಂಡನ ಮೊಣಕಾಲನ್ನು ನೋಡಿದರು.

"ಏನ್ರೀ, ಭಾರಾನಾ?"

"ಹೂಂ..."

ಅಲ್ಲಿದ್ದ ಇಷ್ಟು ಜನರಲ್ಲಿ ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆ ಅದೊಂದೇ.

"ಭಾರಾನೋ ಹಗುರಾನೋ, ಫ್ಯಾನ್ ನಂದು!" ಎಂದರು ಓನರು. "ನಂದನ್ನ ಬಿಚ್ಕೊಂಡು ಮನೆ ಖಾಲಿ ಮಾಡ್ತಿದಾರೆ. ಆಗ್ಲೇ ತಮ್ಮನಿಗೆ ಮನೆ ಅಂತ ಮಾತು ಕೊಟ್ಟಾಯ್ತು."

ಹೆಂಡತಿಗೆ ಎಲ್ಲವೂ ಅರ್ಥವಾಯಿತು. ಆಕೆಯ ಮಕ್ಕಳು ನಡೆಯಲು ಕಲಿತ ನೆಲ ಅದು. ಅದನ್ನು ಒಂದು 'ಉ' ಇಲ್ಲದ ಕಾರಣಕ್ಕೆ ಬಿಟ್ಟುಕೊಡುವ ಹೆಂಗಸು ಆಕೆಯಲ್ಲ.

"ನಿಮ್ದೇನಾ ಫ್ಯಾನು?"

"ನಂದೇ! ನೂರಕ್ಕೆ ನೂರು ನಂದೇ!"

"ಹಾಗಾದ್ರೆ ನೀವೇ ಇಳಿಸ್ಕೊಳ್ಳಿ. ಬೇರೆಯೋರ ವಸ್ತು ನಮಗ್ಯಾಕೆ? ನೀವು ಎತ್ತರ ಇದೀರಿ, ಮೇಜು ಹತ್ತಿದ್ರೆ ಸಾಕು. ನಾನು ಸ್ಟೂಲ್ ಹಿಡ್ಕೋತೀನಿ."

ಹಕ್ಕು ಸ್ಥಾಪಿಸುವ ಆವೇಶದಲ್ಲಿ ಓನರು ಒಂದೇ ನೆಗೆತಕ್ಕೆ ಮೇಜು ಹತ್ತಿದರು. ಎರಡೂ ಕೈ ಚಾಚಿ "ಕೊಡ್ರೀ ಇಲ್ಲಿ" ಎಂದರು. ನಾನಪ್ಪನವರು ಬದುಕಿನಲ್ಲಿ ಯಾವುದನ್ನೂ ಅಷ್ಟು ಮನಃಪೂರ್ವಕವಾಗಿ ಕೊಟ್ಟಿರಲಿಲ್ಲ. ಮೋಟರಿನ ಕೆಳಗಿಂದ ಅವರು ಜಾರಿಕೊಂಡರು. ಮೋಟರು ಮೊದಲು ಓನರ ಕೈಗೆ, ಕೈಯಿಂದ ತಲೆಗೆ ಇಳಿಯಿತು. ಓನರ ಗದ್ದ ಎದೆಗೆ ಅಂಟಿತು.

"ಹೂಂ..." ಎಂದರು ಓನರು.

ಹೆಂಡತಿ ಗಂಡನನ್ನು ಮೆಲ್ಲಗೆ ಕೆಳಗಿಳಿಸಿ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಸಾವಕಾಶವಾಗಿ ಮೇಜಿನ ಮುಂದೆ ಬಂದು ನಿಂತರು.

"ಸಾರ್, ನಾವು ಮನೆ ಖಾಲಿ ಮಾಡ್ತಿಲ್ಲ. ಇಲ್ಲೇ ಇರ್ಬಹುದಲ್ವಾ?"

"ಹೂಂ..."

"ಪೊಲೀಸ್ನೋರೇ, ಕೇಳಿಸ್ಕೊಂಡ್ರಾ?"

"ಚೆನ್ನಾಗಿ ಕೇಳಿಸ್ತಮ್ಮ," ಎಂದ ಪೇದೆ.

"ಕಳ್ಳತನ ಗಿಳ್ಳತನ ಏನೂ ನಡೆದಿಲ್ಲ ತಾನೇ?"

"ಹೂಂ."

"ನಿಮ್ಮ ಬಚ್ಚಲಿನ ನೀರು ನಮ್ಮ ಅಡುಗೆಮನೆ ಗೋಡೇಲಿ ಇಳೀತಿದೆ. ಈ ವಾರಾನೇ ರಿಪೇರಿ ಮಾಡಿಸ್ತೀರಾ?"

"ಹೂಂ..."

"ಟೆರೇಸ್ ಮೇಲೆ ನಾವೂ ಬಟ್ಟೆ ಒಣಗಿಸ್ಬಹುದಾ?"

"ಹೂಂ!"

"ಅಕ್ಕಾ, ಅಕ್ಕಾ," ಎಂದು ಎದುರುಮನೆಯಾಕೆ ಹಿಂದಿನಿಂದ ಪಿಸುಗುಟ್ಟಿದರು, "ನಮ್ಮ ಗೇಟ್ ಮುಂದೆ ಇವರು ಸ್ಕೂಟರ್ ನಿಲ್ಲಿಸೋದು..."

ಪ್ರಶ್ನೆ ಮುಗಿಯುವ ಮೊದಲೇ ಮೇಲಿನಿಂದ "ಹೂಂ" ಬಂತು.

"ಕೊನೇದು ಸಾರ್. ಈ ಫ್ಯಾನ್ ನಿಮ್ದೇ ತಾನೇ?"

ಓನರ ಹೊಟ್ಟೆ ಒಳಕ್ಕೆ ಹೋಯಿತು. ಎದೆ ಉಬ್ಬಿತು. ಕುತ್ತಿಗೆಯ ನರಗಳು ಎದ್ದು ನಿಂತವು. ಎಲ್ಲಿ ಅಡಗಿತ್ತೋ ಏನೋ, ಅಷ್ಟು ಹೊತ್ತು ನಾನಪ್ಪನವರಿಗೆ ಸಿಗದ ಆ ಒಂದು ಅಕ್ಷರ ಓನರಿಗೆ ಸಿಕ್ಕಿತು.

"ಉ... ಉ... ಉಹೂಂ!"

ಪೇದೆ, ಭಾವಮೈದುನ ಇಬ್ಬರೂ ಮೇಜು ಹತ್ತಿ ಫ್ಯಾನನ್ನು ಕೆಳಗಿಳಿಸಿದರು. ನೆಲ ಮುಟ್ಟಿದಾಗ ಅದು ಮಾಡಿದ ಸದ್ದಿಗೆ ಅಡುಗೆಮನೆಯ ಲೋಟಗಳು ಉತ್ತರ ಕೊಟ್ಟವು. ಪೇದೆ ಬೆನ್ನು ನೀವಿಕೊಳ್ಳುತ್ತ, ಇದು ಓನರದ್ದೂ ಅಲ್ಲ, ಬಾಡಿಗೆಯವರದ್ದೂ ಅಲ್ಲ ಎಂದಾದರೆ ವಾರಸುದಾರರಿಲ್ಲದ ಮಾಲಾಗುತ್ತದೆ, ಠಾಣೆಗೆ ಸಾಗಿಸಬೇಕಾಗುತ್ತದೆ ಎಂದು ಶುರುಮಾಡಿದ. ಸಾಗಿಸಬೇಕಾದವನು ತಾನೇ ಎಂದು ಮಾತಿನ ನಡುವೆ ಹೊಳೆದು, "ಅಂಥದ್ದೇನೂ ನಾನಿಲ್ಲಿ ನೋಡ್ಲಿಲ್ಲ ಬಿಡಿ," ಎಂದು ಮುಗಿಸಿದ. ಸೈಕಲ್ಲು, ಪಂಪು, ಠಾಣೆಯ ಕುರ್ಚಿಗಳ ಕಳ್ಳ ಮತ್ತೆ ತಲೆಮರೆಸಿಕೊಂಡ.

ಭಾವಮೈದುನನಿಗೆ ಮಾತ್ರ ಇನ್ನೂ ಸಮಾಧಾನವಾಗಿರಲಿಲ್ಲ. "ಅಕ್ಕಾ, ಅದೆಲ್ಲ ಇರ್ಲಿ. ನಿನ್ನ ಬಿಟ್ಟು ಹೋಗ್ತೀರಾ ಅಂದಿದ್ದಕ್ಕೆ ಹೂಂ ಅಂದ್ರು. ಎಲ್ರೂ ಕೇಳಿದಾರೆ."

ಹೆಂಡತಿ ಗಂಡನ ಕಡೆ ತಿರುಗಿದರು. ನಾನಪ್ಪನವರು ಲೋಟ ನೀರನ್ನು ಅವರ ಕೈಯಿಂದಲೇ ಕುಡಿದು, ನಿಧಾನವಾಗಿ ಹೇಳಿದರು:

"ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಆ ಬೋಲ್ಟ್ ಎಲ್ಲಿ ಬಿತ್ತು ಅಂತ ಹುಡುಕೋಕೂ ನೀನೇ ಬರ್ಬೇಕು."

ನೀರನ್ನು ಹೆಂಡತಿಯ ಕೈಯಿಂದ ಕುಡಿದದ್ದು ಪ್ರೀತಿಗಲ್ಲ. ಅವರ ಎರಡೂ ಕೈ ಇನ್ನೂ ಮೇಲೇ ಇದ್ದವು. ಫ್ಯಾನು ಇಳಿದಿತ್ತು, ಕೈ ಇಳಿದಿರಲಿಲ್ಲ. ಭುಜ ಮರಗಟ್ಟಿ, ಯಾರೋ ಮತ್ತೇನನ್ನೋ ತಂದು ಇಡುತ್ತಾರೆಂದು ಕಾಯುತ್ತಿರುವ ಹಾಗೆ ಅವು ಮೇಲೇ ನಿಂತಿದ್ದವು. ಭಾವಮೈದುನ ಜಗ್ಗಿ ನೋಡಿದ, ನಾನಪ್ಪನವರು ಕೂಗಿಕೊಂಡರು, ಬಿಟ್ಟ.

ಸೆಕೆ ವಿಪರೀತವಾಗಿತ್ತು. ಇಷ್ಟು ಜನ ಒಂದೇ ಕೋಣೆಯಲ್ಲಿ, ಮೇಲೆ ನೋಡಿದರೆ ಬರೀ ಕೊಕ್ಕೆ. ಓನರು ತಮ್ಮನಿಗೆ ಫೋನು ಮಾಡಿ "ಕಟ್ಟಿದ್ದನ್ನೆಲ್ಲ ಬಿಚ್ಚು" ಎಂದು ಹೇಳಿ, ಬೆವರೊರೆಸಿಕೊಂಡು ಒಂದು ಕ್ಷಣ ಯೋಚಿಸಿದರು. ಒಂದೇ ಭಾರವನ್ನು ಸರದಿಯಲ್ಲಿ ಹೊತ್ತವರ ನಡುವೆ ಒಂದು ಬಗೆಯ ನಂಟು ಬೆಳೆಯುತ್ತದೆಯೋ ಏನೋ.

"ಎಲ್ರೂ ಮೇಲೆ ಬನ್ನಿ. ನಮ್ಮನೇಲಿ ಫ್ಯಾನ್ ಇದೆ. ಸ್ವಲ್ಪ ಹೊತ್ತು ಕೂತ್ಕೊಂಡು ಶರಬತ್ತು ಕುಡ್ಕೊಂಡು ಹೋಗಿ," ಎಂದರು.

ಅಷ್ಟು ವರ್ಷಗಳಲ್ಲಿ ಬಾಡಿಗೆಯವರನ್ನು ಅವರು ಮಹಡಿಗೆ ಕರೆದದ್ದು ಅದೇ ಮೊದಲು. ಎಲ್ಲರೂ ಹೋದರು. ಸೋಫಾದಲ್ಲಿ ಸಾಲಾಗಿ ಕೂತರು. ನಾನಪ್ಪನವರ ಎತ್ತಿದ ಕೈಗಳಿಗೆ ಅನುಕೂಲವಾಗುವಂತೆ ಅವರಿಗೆ ಮೂಲೆಯ ಜಾಗ ಬಿಟ್ಟುಕೊಟ್ಟರು. ಓನರು ಸ್ವಿಚ್ಚು ಒತ್ತಿದರು.

ಮೇಲೆ ಏನೋ ಕೆಮ್ಮಿತು. ಕರಕರ ಎಂದಿತು. ಛಾವಣಿಯಿಂದ ಸುಣ್ಣದ ಹುಡಿ ಉದುರಿ ಪೇದೆಯ ಶರಬತ್ತಿಗೆ ಬಿತ್ತು. ಎಲ್ಲರೂ ನಿಧಾನವಾಗಿ ತಲೆಯೆತ್ತಿ ನೋಡಿದರು. ಕೆಳಗಿನದಕ್ಕಿಂತ ಒಂದು ಸುತ್ತು ದಪ್ಪಗಿನ ಫ್ಯಾನು ಎಡಕ್ಕೂ ಬಲಕ್ಕೂ ವಾಲಾಡುತ್ತ ತಿರುಗುತ್ತಿತ್ತು.

"ಇದನ್ನೂ ಇಳಿಸ್ಬೇಕು ಅಂತ ಬಹಳ ದಿನದಿಂದ ಯೋಚ್ನೆ," ಎಂದರು ಓನರು. "ಹೇಗೂ ಇಷ್ಟು ಜನ ಸೇರಿದೀರಿ..."

ಎದುರುಮನೆಯಾಕೆಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಭಾವಮೈದುನನಿಗೆ ಅಂಗಡಿಯ ಬಾಗಿಲು ತೆರೆದೇ ಬಂದದ್ದು ನೆನಪಾಯಿತು. ಅಡುಗೆಮನೆಯ ಗೋಡೆ ತೋರಿಸುತ್ತೇನೆಂದು ಹೆಂಡತಿ, ಶರಬತ್ತು ತಂದುಕೊಟ್ಟ ಓನರ ಹೆಂಡತಿಯನ್ನು ಕರೆದುಕೊಂಡು ಕೆಳಗಿಳಿದರು. ಪೇದೆ ಎದ್ದು ನಿಂತು ಟೋಪಿ ಹುಡುಕತೊಡಗಿದ. ಟೋಪಿ ತಲೆಯ ಮೇಲೇ ಇತ್ತು. ಮೂಲೆಯಲ್ಲಿ ಸಿಕ್ಕಿಕೊಂಡ ನಾನಪ್ಪನವರು ಮಾತ್ರ ಏಳುವುದು ತಡವಾಯಿತು. ಕೈ ಊರದೆ ಸೋಫಾದಿಂದ ಏಳುವುದು ಸುಲಭವಲ್ಲ.

ಓನರು ಅವರ ಎರಡೂ ಕೈಗಳನ್ನು ಆಸೆಯಿಂದ ನೋಡಿದರು.

"ನಿಮ್ಮ ಕೈ ಹೇಗಿದ್ರೂ ಮೇಲೇ ಇದೆಯಲ್ಲ..."

ನಾನಪ್ಪನವರು ಎದ್ದರು. ಎತ್ತಿದ ಕೈ ಎತ್ತಿದ ಹಾಗೇ ಮೆಟ್ಟಿಲಿಳಿದು, ತಮ್ಮ ಮನೆಯ ಬಾಗಿಲನ್ನೂ ದಾಟಿ, ನೇರ ಬೀದಿಗೆ ಓಡಿದರು. ಓನರು ಕರೆದಾರೆಂಬ ಹೆದರಿಕೆಯಿಂದ ಪೇದೆಯೂ ಅವರ ಬೆನ್ನಿಗೇ ಓಡಿದ. ಕೈ ಮೇಲೆತ್ತಿಕೊಂಡು ಮುಂದೆ ಓಡುತ್ತಿರುವವರನ್ನೂ, ಹಿಂದೆ ಏದುಸಿರು ಬಿಡುತ್ತ ಬರುತ್ತಿರುವ ಪೊಲೀಸನ್ನೂ ಕಂಡು ಬೀದಿಯವರೆಲ್ಲ ಅಂಗಡಿ, ಗೇಟು, ಕಿಟಕಿಗಳಿಗೆ ಬಂದು ನಿಂತರು. ಒಲೆಯ ಮೇಲಿನ ಹಾಲು ನೋಡಲೆಂದು ಹೊರಟಿದ್ದ ಎದುರುಮನೆಯಾಕೆ ಇನ್ನೂ ಗೇಟಿನ ಹತ್ತಿರವೇ ಇದ್ದರು. ಏನಾಯಿತೆಂದು ಕೇಳಿದವರಿಗೆಲ್ಲ ಅವರು ಸೈಕಲ್ಲಿನಿಂದ ಶುರುಮಾಡಿ ವಿವರವಾಗಿ ಹೇಳತೊಡಗಿದರು.